ಐದನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ, ಮತ್ತು ನಾವು ಕೈಬಿಟ್ಟ 48 ಟೆಸ್ಟುಗಳು

2024ರ ಮಾರ್ಚ್ 13, ಬುಧವಾರ. ಶಾಲೆ ಗೇಟಿನ ಹತ್ತಿರ ಬೈಕ್ ನಿಲ್ಲಿಸುವಷ್ಟರಲ್ಲೇ ಐದನೇ ಕ್ಲಾಸಿನ ಮಕ್ಕಳು ಸುತ್ತ ನಿಂತಿದ್ದರು. ಎಲ್ಲರ ಕೈಯಲ್ಲೂ ರಟ್ಟಿನ ಪ್ಯಾಡು, ಹೊಸ ಪೆನ್ನು.

"ಸರ, ಇವತ್ತ ಪರೀಕ್ಷೆ ಐತೋ ಇಲ್ಲೋ ರೀ?"

"ಇಲ್ಲ."

"ನಾಳೆ?"

"ನನಗೂ ಗೊತ್ತಿಲ್ಲ."

ಒಬ್ಬ ಹುಡುಗ ಪ್ಯಾಡನ್ನ ತಲೆ ಮೇಲೆ ಇಟ್ಟುಕೊಂಡು ಕುಣಿದ. ಇನ್ನೊಬ್ಬಳು ಅಳುಮುಖ ಮಾಡಿದಳು. ರಾತ್ರಿಯೆಲ್ಲ ಓದಿದ್ದಳಂತೆ. ಅವಳಿಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಹಿಂದಿನ ದಿನ ಸುಪ್ರೀಂ ಕೋರ್ಟು ತಡೆ ಕೊಟ್ಟಿದೆ ಅನ್ನೋದು ನನಗೂ ವಾಟ್ಸಾಪ್ ಗ್ರೂಪಿನಲ್ಲೇ ಗೊತ್ತಾಗಿದ್ದು. ಹತ್ತು ವರ್ಷದ ಮಗುವಿಗೆ ದೆಹಲಿಯ ಕೋರ್ಟಿನ ಆದೇಶ ಬಿಡಿಸಿ ಹೇಳೋ ಪಾಠ ನನ್ನ ಯಾವ ತರಬೇತಿಯಲ್ಲೂ ಇರಲಿಲ್ಲ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಆ ವರ್ಷ ಐದನೇ ತರಗತಿ ನನ್ನ ಪಾಲಿಗಿತ್ತು. 27 ಮಕ್ಕಳು. ಆ ವರ್ಷ ನಾವು ಅನುಭವಿಸಿದ್ದನ್ನೂ, ಮುಂದಿನ ವರ್ಷ ಟೆಸ್ಟು ಕಡಿಮೆ ಮಾಡೋಕೆ ಹೊರಟಾಗ ಆದದ್ದನ್ನೂ ಬರೆದಿಡೋಣ ಅನ್ನಿಸಿತು.

ಹಿನ್ನೆಲೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಹಿರಿಯರನ್ನ ಕೇಳಿದರೆ ಏಳನೇ ಕ್ಲಾಸಿನ ಮುಲ್ಕಿ ಪರೀಕ್ಷೆಯ ಕಥೆ ಹೇಳ್ತಾರೆ. ಅದೊಂದು ಕಾಲ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಬಂತು. ಎಂಟನೇ ತರಗತಿ ಮುಗಿಯೋವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ ಅಂತ ಅದರ 30ನೇ ಸೆಕ್ಷನ್ ಹೇಳಿತು. ವರ್ಷಪೂರ್ತಿ ಮಗುವನ್ನ ಗಮನಿಸಿ, ನಿರಂತರವಾಗಿ ಮೌಲ್ಯಮಾಪನ ಮಾಡಿ ಅಂದಿತು. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ ಐದು ಮತ್ತು ಎಂಟಕ್ಕೆ ಪರೀಕ್ಷೆ ಇಡೋ ದಾರಿ ತೆರೆಯಿತು. 2022ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲೂ ಐದು, ಎಂಟಕ್ಕೆ ಪಬ್ಲಿಕ್ ಪರೀಕ್ಷೆ ಅಂತ ಸುತ್ತೋಲೆ ಬಂತು. ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು. 2023ರ ಮಾರ್ಚ್ 10ಕ್ಕೆ ಹೈಕೋರ್ಟು ಸುತ್ತೋಲೆ ರದ್ದು ಮಾಡಿತು. 15ಕ್ಕೆ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಮಾರ್ಚ್ 27ರಿಂದ ಪರೀಕ್ಷೆ ನಡೆಯಿತು. ಫೇಲ್ ಮಾಡೋದಿಲ್ಲ ಅಂತ ಸರ್ಕಾರ ಹೇಳಿದ್ದರಿಂದ ಜನ ಹೇಗೋ ಸಮಾಧಾನ ಮಾಡಿಕೊಂಡರು.

ಮುಂದಿನ ವರ್ಷ ಒಂಬತ್ತು, ಹನ್ನೊಂದನೇ ತರಗತಿಗಳನ್ನೂ ಸೇರಿಸಿದರು. ಕಾಗದದಲ್ಲಿ ಅದರ ಹೆಸರು 'ಮೌಲ್ಯಾಂಕನ'. ಊರಲ್ಲಿ ಆ ಹೆಸರು ಯಾರ ಬಾಯಲ್ಲೂ ನಾನು ಕೇಳಲಿಲ್ಲ. ಎಲ್ಲರಿಗೂ ಅದು ಪಬ್ಲಿಕ್ ಪರೀಕ್ಷೆಯೇ.

ನಮ್ಮ ಶಾಲೆಯ ಮಕ್ಕಳು ಮೂರನೇ ತರಗತಿವರೆಗೆ ನಲಿ-ಕಲಿಯಲ್ಲಿ ಕಲಿತವರು. ಅಲ್ಲಿ ಕಾರ್ಡು, ತಟ್ಟೆ, ಏಣಿ. ನೆಲದ ಮೇಲೆ ಗುಂಪುಗುಂಪಾಗಿ ಕೂತು ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ಒಬ್ಬ ಕೂಡೋದ್ರಲ್ಲಿ ಇದ್ದರೆ ಪಕ್ಕದವಳು ಕಳೆಯೋದ್ರಲ್ಲಿ ಇರಬಹುದು, ಯಾರೂ ಏನೂ ಅನ್ನಲ್ಲ. ಅಂಥ ಮಕ್ಕಳನ್ನ ಎರಡೇ ವರ್ಷದಲ್ಲಿ ಬೆಂಚಿಗೊಬ್ಬರಂತೆ ಕೂರಿಸಿ, ಪರಊರಿನ ಮೇಷ್ಟ್ರನ್ನ ಕಾವಲಿಗಿಟ್ಟು, ಮೊಹರು ಮಾಡಿದ ಲಕೋಟೆ ಒಡೆದು ಪತ್ರಿಕೆ ಕೊಡೋದು ಅಂದರೆ ನಾನೂ ಹೆದರಿದ್ದೆ. ಹೆದರಿದ ಮೇಷ್ಟ್ರು ಏನು ಮಾಡ್ತಾನೆ? ಟೆಸ್ಟ್ ಮಾಡ್ತಾನೆ.

ಶನಿವಾರದ ಟೆಸ್ಟು ಆಗಸ್ಟಿನಲ್ಲೇ ಶುರು ಮಾಡಿದ್ದೆ. ಜನವರಿಯಿಂದ ಮಾದರಿ ಪ್ರಶ್ನೆಪತ್ರಿಕೆ. ಯಾವ್ಯಾವುದೋ ಗ್ರೂಪಿನಿಂದ ಬಂದ ಪಿಡಿಎಫ್‌ಗಳನ್ನ ಜೆರಾಕ್ಸ್ ಮಾಡಿಸಿ ಕೊಡ್ತಿದ್ದೆ. ದುಡ್ಡು ಅರ್ಧ ನನ್ನದು, ಅರ್ಧ ಶಾಲೆಯದು. ಪತ್ರಿಕೆಯ ಮೇಲೆ ಸ್ಯಾಟ್ಸ್ ನಂಬರ್ (ಇಲಾಖೆ ಪ್ರತಿ ಮಗುವಿಗೂ ಕೊಡೋ ಗುರುತಿನ ಸಂಖ್ಯೆ) ತಪ್ಪಿಲ್ಲದೆ ಬರೆಯೋಕೆ ಬರಬೇಕು ಅಂತ ಅದನ್ನೂ ದಿನಾ ಬೆಳಿಗ್ಗೆ ಬರೆಸಿದೆ. ಪಿರಿಯಡ್ ಸಾಲದೆ ಹೋಯಿತು. ಮೊದಲು ಕಥೆ ಓದೋ ಪಿರಿಯಡ್ ಹೋಯಿತು. ಆಮೇಲೆ ಆಟದ್ದು. ಪರಿಸರ ಅಧ್ಯಯನಕ್ಕೆ ಕೆರೆ ದಂಡೆಗೆ ಕರಕೊಂಡು ಹೋಗೋದೂ ನಿಂತಿತು. ಕೆರೆಯಲ್ಲಿ ನೀರೂ ಇರಲಿಲ್ಲ ಬಿಡಿ, ಅದು ಬರಗಾಲದ ವರ್ಷ.

ಆಗಿನ ಒಂದು ಪತ್ರಿಕೆ ನನ್ನ ಮನಸ್ಸಲ್ಲೇ ಉಳಿದಿದೆ. ಪ್ರಶ್ನೆ ನಾನೇ ಬರೆದದ್ದು: 'ನೀರಿನ ಯಾವುದಾದರೂ ನಾಲ್ಕು ಮೂಲಗಳನ್ನು ಬರೆಯಿರಿ.' ಮಳೆ, ಕೆರೆ, ಬಾವಿ, ನದಿ ಅಂತ ಬಂದರೆ ಎರಡು ಅಂಕ. ಕಿಟಕಿ ಪಕ್ಕ ಕೂರೋ ಹುಡುಗ ಬರೆದಿದ್ದ: 'ಟ್ಯಾಂಕರ್, ನಮ್ಮ ಕಾಕಾನ ಹೊಲದ ಬೋರು, ಕೆರಿ (ಈಗ ಇಲ್ಲ), ಕೊಡ.' ಕೆಂಪು ಪೆನ್ನಲ್ಲಿ ಟ್ಯಾಂಕರ್ ಮತ್ತು ಕೊಡಕ್ಕೆ ಅಡ್ಡಗೆರೆ ಎಳೆದು ಎರಡಕ್ಕೆ ಒಂದು ಕೊಟ್ಟೆ. ಆವತ್ತು ಅದು ಸರಿಯಾಗೇ ಕಂಡಿತ್ತು. ಉತ್ತರಸೂಚಿ ಇಟ್ಟುಕೊಂಡು ತಿದ್ದೋವಾಗ ಕಣ್ಣು ಹುಡುಕೋದು ಮಳೆ, ಕೆರೆ, ಬಾವಿ, ನದಿಯನ್ನೇ. ಹುಡುಗ ಏನು ಹೇಳ್ತಿದಾನೆ ಅಂತ ಓದಲೇ ಇಲ್ಲ ನಾನು.

ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆಯನ್ನ ರದ್ದು ಮಾಡಿತು. ಸ್ಟಾಫ್ ರೂಮಿನಲ್ಲಿ ಚಹಾ ತರಿಸಿ ಕುಡಿದೆವು. 7ಕ್ಕೆ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. ಮರುದಿನ ಶಿವರಾತ್ರಿ. ಜಾಗರಣೆ ಮಾಡಿದ ಮಕ್ಕಳು ಸೋಮವಾರ 11ಕ್ಕೆ ಕನ್ನಡ ಬರೆದರು. ಹತ್ತಿರದ ಕಿರಿಯ ಪ್ರಾಥಮಿಕ ಶಾಲೆಯ ಏಳು ಮಕ್ಕಳೂ ನಮ್ಮಲ್ಲಿಗೇ ಬಂದಿದ್ದರು. ಅವರು ಬೆಂಚಿನ ಮೇಲೆ ಕೂತು ಬರೆದವರೇ ಅಲ್ಲ. ಎಂಟನೇ ಕ್ಲಾಸಿನ ಬೆಂಚುಗಳವು. ಒಂದು ಸಣ್ಣ ಹುಡುಗಿಯ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಎರಡು ಗಂಟೆ ಕಾಲು ಆಡಿಸುತ್ತಲೇ ಬರೆದಳು. ಕೊನೆಗೆ ಕಾಲು ಜೋಮು ಹಿಡಿದು ಏಳೋಕಾಗದೆ, ಪತ್ರಿಕೆಯನ್ನ ಅಲ್ಲಿಂದಲೇ ಚಾಚಿದಳು.

ಮಂಗಳವಾರ ಇಂಗ್ಲಿಷ್. ಅದೇ ದಿನ ಸುಪ್ರೀಂ ಕೋರ್ಟಿನ ಆದೇಶ. ಬುಧವಾರ ಬೆಳಗಿನದು ಹೇಳಿದೆನಲ್ಲ.

ಪರಿಸರ ಅಧ್ಯಯನ ಮತ್ತು ಗಣಿತ ಉಳಿದವು. ಆ ಹತ್ತು ದಿನ ನಮ್ಮ ಕ್ಲಾಸಿನಲ್ಲಿ ಏನು ನಡೆಯಿತು ಅಂತ ಕೇಳಿದರೆ ನಿಜವಾಗಿ ಹೇಳೋಕೆ ನನಗೆ ನಾಚಿಕೆ. ಪಾಠ ಮುಗಿದಿತ್ತು. ಹೊಸದು ಶುರು ಮಾಡೋಕೆ ಧೈರ್ಯ ಇಲ್ಲ. ಪರೀಕ್ಷೆ ಬಂದುಬಿಟ್ಟರೆ? ಮತ್ತೆ ಮಾದರಿ ಪತ್ರಿಕೆಗಳನ್ನೇ ಕೊಟ್ಟೆ. ಮೆಣಸಿನಕಾಯಿ ಸುಗ್ಗಿ ಬೇರೆ. ತೊಟ್ಟು ಮುರಿಯೋ ಕೂಲಿಗೆ ತಾಯಂದಿರು ಬ್ಯಾಡಗಿ ಕಡೆ ಹೋಗ್ತಾರೆ, ದೊಡ್ಡ ಹುಡುಗಿಯರು ಮನೆಯಲ್ಲಿ ತಮ್ಮ ತಂಗಿಯರನ್ನ ನೋಡಿಕೊಳ್ಳಬೇಕು. ಪರೀಕ್ಷೆ ಇದೆಯೋ ಇಲ್ಲವೋ ಗೊತ್ತಿಲ್ಲದ ಶಾಲೆಗೆ ಮಕ್ಕಳನ್ನ ಕಳಿಸಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ? 27 ಇದ್ದದ್ದು 15ಕ್ಕೆ ಇಳಿಯಿತು.

22ಕ್ಕೆ ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು. 25ರಿಂದ ಉಳಿದ ಪತ್ರಿಕೆಗಳು. ಹೋಳಿ ಹುಣ್ಣಿಮೆಯ ಹೊತ್ತು ಅದು. ವಾರದಿಂದ ಊರಲ್ಲಿ ಹಲಗಿ ಸದ್ದು. ಹುಡುಗರ ಅಂಗೈ ಹಲಗಿ ಬಾರಿಸಿ ಕೆಂಪಾಗಿತ್ತು, ಒಬ್ಬನ ಕಿವಿ ಹಿಂದೆ ಗುಲಾಬಿ ಬಣ್ಣ ಹಾಗೇ ಉಳಿದಿತ್ತು. ಕಾವಲಿಗೆ ಬಂದ ಮೇಡಂ ಅವನನ್ನ ನೋಡಿ ನಕ್ಕರು. ಆ ಪರೀಕ್ಷೆಯಲ್ಲಿ ನಾನು ಕಂಡ ಒಂದೇ ಒಂದು ನಗು.

ಮೌಲ್ಯಮಾಪನಕ್ಕೆ ಬೇರೆ ಕಡೆ ಹೋದೆವು. ಬೇರೆ ಶಾಲೆಯ ಮಕ್ಕಳ ಪತ್ರಿಕೆ ನಮಗೆ, ನಮ್ಮ ಮಕ್ಕಳದ್ದು ಇನ್ಯಾರಿಗೋ. ಏಪ್ರಿಲ್ 8, ಯುಗಾದಿಯ ಹಿಂದಿನ ದಿನ, ಫಲಿತಾಂಶ ಹೇಳಬೇಕಿತ್ತು. ಆವತ್ತೇ ಸುಪ್ರೀಂ ಕೋರ್ಟು ಮತ್ತೆ ತಡೆ ಕೊಟ್ಟಿತು. ಪ್ರಕಟಿಸಬೇಡಿ ಅಂತ ಗ್ರೂಪಿನಲ್ಲಿ ಮೆಸೇಜು. 33 ದಿನದಲ್ಲಿ ಐದು ಸಲ ಕೋರ್ಟಿನಿಂದ ಹೌದು-ಅಲ್ಲ. ಮಕ್ಕಳು ಹೇಗೂ ಆರನೇ ತರಗತಿಗೆ ಹೋಗಬೇಕಾದವರೇ. ಹೋದರು.

ಇಷ್ಟಾದ ಮೇಲೆ ಬೈಯೋದು ಸುಲಭ. ಬೈದೆವು ಕೂಡ. ಆದರೆ ರಜೆಯಲ್ಲಿ ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ಆ ವರ್ಷ ಒಂದು ಮಗು ಎಷ್ಟು ಟೆಸ್ಟ್ ಬರೆಯಿತು? ಸೇತುಬಂಧದ (ವರ್ಷದ ಶುರುವಿಗೆ ಹಿಂದಿನ ಪಾಠ ನೆನಪು ಮಾಡಿಸೋದು) ಆರಂಭಕ್ಕೊಂದು ಕೊನೆಗೊಂದು, ಎಫ್‌ಎ ಅಂದರೆ ಕಲಿಕೆಯ ನಡುವಿನ ಮೌಲ್ಯಮಾಪನ ನಾಲ್ಕು, ಎಸ್‌ಎ ಅಂದರೆ ಅರ್ಧವರ್ಷದ ಪರೀಕ್ಷೆ ಒಂದು, ಕೊನೆಗೆ ಬೋರ್ಡಿನದು. ಎಂಟು ಸುತ್ತು, ನಾಲ್ಕು ವಿಷಯ. 32 ಆಯಿತು. ಇನ್ನು ಶನಿವಾರದ್ದು 24. ಮಾದರಿ ಪತ್ರಿಕೆ ವಿಷಯಕ್ಕೆ ಆರರಂತೆ 24. ಒಟ್ಟು 80.

ಸರ್ಕಾರ ಹೇಳಿದ್ದು 32. ನಾನು ಸೇರಿಸಿದ್ದು 48.

ಆ ಕಾಗದವನ್ನ ಸ್ವಲ್ಪ ಹೊತ್ತು ಹಾಗೇ ನೋಡ್ತಾ ಕೂತೆ. ಬೋರ್ಡಿನ ನಾಲ್ಕು ಪತ್ರಿಕೆ ಬಿಟ್ಟು 76ನ್ನೂ ತಿದ್ದಿದ್ದು ನಾನೇ. 27 ಮಕ್ಕಳಿಗೆ 2,052 ಪತ್ರಿಕೆ. ಒಂದಕ್ಕೆ ನಾಲ್ಕು ನಿಮಿಷ ಅಂದರೂ ಸುಮಾರು 137 ಗಂಟೆ. ಮಕ್ಕಳು ಬರೆದ ಹೊತ್ತು ಬೇರೆ. ಪರೀಕ್ಷೆ ಅಂತ ನಾವು ಜಗಳ ಮಾಡ್ತಿದ್ದದ್ದು ಎರಡು ಗಂಟೆಯ ನಾಲ್ಕು ಪತ್ರಿಕೆಗೆ. ಅದರ ನೆರಳಲ್ಲಿ ನಾವೇ ಬೆಳೆಸಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಆ ನೆರಳನ್ನ ಯಾವ ಕೋರ್ಟೂ ರದ್ದು ಮಾಡೋಕಾಗಲ್ಲ, ಅಲ್ವಾ?

ಮುಖ್ಯಗುರುಗಳಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಶನಿವಾರದ್ದು ತೆಗೆದ್ರೆ ಪಾಲಕರು ಬಿಡ್ತಾರೇನ್ರಿ? ಪಕ್ಕದೂರಿನ ಖಾಸಗಿ ಶಾಲೆಯಾಗ ವಾರಕ್ಕೆ ಎರಡು ಟೆಸ್ಟು ಅಂತ ಬೋರ್ಡ್ ಹಾಕ್ಯಾರ" ಅಂದರು. ಅವರ ಚಿಂತೆ ಸುಳ್ಳಲ್ಲ. ಮಕ್ಕಳ ಸಂಖ್ಯೆ ಕಮ್ಮಿ ಆದರೆ ಮೇಷ್ಟ್ರ ಹುದ್ದೆಗೇ ಕುತ್ತು. ಕೊನೆಗೆ ಜೂನಿನ ಎಸ್‌ಡಿಎಂಸಿ (ಪಾಲಕರಿರೋ ಶಾಲಾಭಿವೃದ್ಧಿ ಸಮಿತಿ) ಸಭೆಗೆ ಇಡೋಣ ಅಂತ ಆಯಿತು.

ಸಭೆಗೆ ಹದಿನಾಲ್ಕು ಜನ ಬಂದಿದ್ದರು. ನಾನು 80ರ ಲೆಕ್ಕ ಹೇಳಿದೆ. ಯಾರಿಗೂ ಗಾಬರಿ ಆಗಲಿಲ್ಲ. ಒಬ್ಬರು "ಛಲೋ ಆತಲ್ರಿ, ಅಷ್ಟರ ಮಾಡ್ಸೀರಿ" ಅಂದರು. ಇನ್ನೊಬ್ಬರು "ಟೆಸ್ಟ್ ಇಲ್ಲಂದ್ರ ಹುಡುಗ್ರು ಪುಸ್ತಕ ಮುಟ್ಟೂದ ಹ್ಯಾಂಗ್ರಿ?" ನನ್ನ ಹತ್ತಿರ ಉತ್ತರ ಇತ್ತು, ಆದರೆ ಅದು ಪುಸ್ತಕದ ಉತ್ತರ. ಹೇಳಿದೆ. ನನಗೇ ಸಪ್ಪೆ ಅನ್ನಿಸಿತು.

ಆಗ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಒಬ್ಬ ತಾಯಿ ಮಾತಾಡಿದರು. ಪರೀಕ್ಷೆ ನಿಂತ ದಿನ ಅಳುಮುಖ ಮಾಡಿದ್ದ ಹುಡುಗಿಯ ತಾಯಿ. ಮೆಣಸಿನಕಾಯಿ ಕೂಲಿಗೆ ಹೋಗೋರು. "ಸರ, ನನಗ ಓದಾಕ ಬರಂಗಿಲ್ಲ. ಕಾರ್ಡಿನ್ಯಾಗ ಗಣಿತ 34 ಅಂತ ಬರದೀರಿ ಅಂತ ಮಗಳು ಹೇಳಿದ್ಲು. ಅಂದ್ರ ಆಕಿಗೆ ಏನ್ ಬರ್ತೈತಿ, ಏನ್ ಬರಂಗಿಲ್ಲ?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.

ಸುಳ್ಳಲ್ಲ. 80 ಟೆಸ್ಟ್ ಮಾಡಿದ ಮೇಷ್ಟ್ರಿಗೆ ಆ ಮಗುವಿಗೆ ಭಾಗಾಕಾರದಲ್ಲಿ ಎಲ್ಲಿ ತೊಡಕಾಗ್ತಿದೆ ಅಂತ ಹೇಳೋಕಾಗಲಿಲ್ಲ. 'ಚೆನ್ನಾಗಿ ಓದ್ತಾಳೆ' ಅಂತ ಏನೋ ಹೇಳಿ ತಪ್ಪಿಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ನಲಿ-ಕಲಿ ಟೀಚರ್ ಇದನ್ನ ಗಮನಿಸಿದರು. ಸಭೆ ಮುಗಿದ ಮೇಲೆ ತಮ್ಮ ಕ್ಲಾಸಿನ ಪ್ರಗತಿ ನೋಟದ ಪಟ್ಟಿ ತಂದು ಟೇಬಲ್ ಮೇಲಿಟ್ಟರು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಒಂದು ಮಾತೂ ಆಡದೆ ಹೋದರು. ಒಂದೊಂದು ಸಲ ಅವರ ಮೌನ ನನಗೆ ಸಿಟ್ಟು ತರಿಸುತ್ತೆ. ಆವತ್ತು ತರಿಸಲಿಲ್ಲ.

ಸಭೆಯಲ್ಲಿ ಆದ ತೀರ್ಮಾನ ಅರೆಬರೆ. ಇಲಾಖೆ ಹೇಳಿದ್ದನ್ನ ಒಂದೂ ಬಿಡೋ ಹಾಗಿಲ್ಲ. ನಮ್ಮದೇ ಆದ ಶನಿವಾರದ ಟೆಸ್ಟು ಮತ್ತು ಮಾದರಿ ಪತ್ರಿಕೆ ದಸರಾ ರಜೆವರೆಗೆ ಬಂದ್. ಆಮೇಲೆ ನೋಡೋಣ. ಎಫ್‌ಎಯನ್ನ ಅದು ಇರಬೇಕಾದ ಹಾಗೆ ಚಟುವಟಿಕೆಯಾಗಿ ಮಾಡೋದು. ಅದನ್ನೂ ನಾವು ಕಿರುಪರೀಕ್ಷೆ ಮಾಡಿಕೊಂಡುಬಿಟ್ಟಿದ್ದೆವು, ಯಾಕಂದ್ರೆ ಪತ್ರಿಕೆ ಕೊಟ್ಟರೆ ಕೆಲಸ ಬೇಗ ಮುಗಿಯುತ್ತೆ.

ಹೊಸ ಐದನೇ ಕ್ಲಾಸಿಗೆ ಒಂದು ದಪ್ಪ ನೋಟ್‌ಬುಕ್ ತಂದೆ. ಮಗುವಿಗೆ ನಾಲ್ಕು ಪುಟ. ತಾರೀಖು ಹಾಕಿ, ಮಗು ಏನು ಮಾಡಿತು ಅಂತ ಬರೆಯೋದು. 'ಮೂರಂಕಿ ಸಂಖ್ಯೆಯನ್ನ ಭಾಗಿಸುವಾಗ ನಡುವೆ ಸೊನ್ನೆ ಬಂದರೆ ಬಿಟ್ಟುಬಿಡ್ತಾಳೆ.' 'ಒತ್ತಕ್ಷರ ಓದ್ತಾನೆ, ಬರೆಯೋವಾಗ ನುಂಗ್ತಾನೆ.' ಈ ತರಹ. ಮೊದಲ ಎರಡು ವಾರ ಭಾರೀ ಉತ್ಸಾಹ. ದಿನಾ ಎಲ್ಲರ ಬಗ್ಗೆಯೂ ಬರೀತಿದ್ದೆ. ಜುಲೈ ಹೊತ್ತಿಗೆ ಸುಸ್ತು. ಬಿಸಿಯೂಟ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ, ಇವುಗಳ ನಡುವೆ ಆಗೋ ಕೆಲಸವಲ್ಲ ಅದು. ದಿನಕ್ಕೆ ಐದೇ ಮಕ್ಕಳು ಅಂತ ಇಳಿಸಿದೆ. ವಾರಕ್ಕೊಮ್ಮೆ ಎಲ್ಲರ ಸರದಿ ಬರುತ್ತೆ. ಆ ಕ್ರಮ ಉಳಿದುಕೊಂಡಿತು.

ತಪ್ಪೂ ಆಯಿತು. ಶನಿವಾರದ ಟೆಸ್ಟ್ ನಿಲ್ಲಿಸಿದ ಎರಡೇ ತಿಂಗಳಲ್ಲಿ ಮಗ್ಗಿ ಕೈಕೊಟ್ಟಿತು. ಏಳರ ಮಗ್ಗಿ, ಎಂಟರ ಮಗ್ಗಿ ಕೇಳಿದರೆ ಸೂರು ನೋಡ್ತಾರೆ. ಟೆಸ್ಟಿನ ಹೆದರಿಕೆಗಾದರೂ ಮೊದಲು ಅದೊಂದು ಬಾಯಲ್ಲಿತ್ತು. ನನಗಿದು ನುಂಗಲಾರದ ತುತ್ತು. ಶನಿವಾರ ಬೆಳಿಗ್ಗೆ ಹತ್ತು ನಿಮಿಷ ಮಗ್ಗಿ ಕೇಳೋದನ್ನ ಮತ್ತೆ ತಂದೆ. ಅಂಕ ಇಲ್ಲ, ಕಾಗದ ಇಲ್ಲ. ಮಕ್ಕಳೇ ಜೋಡಿ ಮಾಡಿಕೊಂಡು ಒಬ್ಬರನ್ನೊಬ್ಬರು ಕೇಳ್ತಾರೆ. ಗಲಾಟೆ ಹೇಗಿರುತ್ತೆ ಅಂದರೆ ಪಕ್ಕದ ಕ್ಲಾಸಿನ ಮೇಡಂ ಬಾಗಿಲು ಹಾಕಿಕೊಳ್ತಾರೆ.

ಇನ್ನೊಂದು ನಾನು ಎಣಿಸದೇ ಇದ್ದದ್ದು. ಕೆಲವು ಮಕ್ಕಳಿಗೆ ಟೆಸ್ಟ್ ಇಷ್ಟ! ಮೂರು ಜನ ಬಂದು "ಸರ, ಶನಿವಾರದ್ದು ಯಾಕ ಬಿಟ್ರಿ?" ಅಂತ ಕೇಳಿದರು. ಮೂವರೂ ಯಾವಾಗಲೂ ಮೊದಲು ಬರ್ತಿದ್ದವರು. ಅವರಿಗೆ ಆ ಕೆಂಪು ಶಾಯಿಯ ಅಂಕ ಬೇಕಿತ್ತು. ಕೊನೆಯಲ್ಲಿ ಬರ್ತಿದ್ದ ಮಕ್ಕಳು ಯಾರೂ ಬಂದು ಕೇಳಲಿಲ್ಲ.

ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನ ನೋಡಿಕೊಳ್ಳೋ ಇಲಾಖೆಯವರು) ಬಂದಾಗ ಟೆಸ್ಟ್ ಪತ್ರಿಕೆಗಳ ಫೈಲು ಕೇಳಿದರು. ನೋಟ್‌ಬುಕ್ ಕೊಟ್ಟೆ. ಹತ್ತು ನಿಮಿಷ ಓದಿದರು. "ಓದಾಕ ಛಲೋ ಐತಿ, ಆದರ ನಾನು ಮ್ಯಾಲೆ ಏನ್ ಕಳಿಸಲಿ? ಅವರು ಕೇಳೂದು ಶೇಕಡಾವಾರು" ಅಂದರು. ಮನುಷ್ಯ ಒಳ್ಳೆಯವರು. ಅವರ ಕೈಯಲ್ಲಿದ್ದ ಫಾರಂನಲ್ಲಿ ಅಂಕಿ ಬರೆಯೋ ಚೌಕಗಳೇ ಇದ್ದವು. ಎಫ್‌ಎಯ ಅಂಕ ಕೊಟ್ಟು ಕಳಿಸಿದೆ.

ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎಂಟು, ಒಂಬತ್ತು, ಹತ್ತನೇ ತರಗತಿಗಳ ಅರ್ಧವಾರ್ಷಿಕ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೂ ತಡೆ ಕೊಟ್ಟ ಸುದ್ದಿ ಬಂತು. ನಮ್ಮ ಎಸ್‌ಎ-1 ಆಗಲೇ ಮುಗಿದಿತ್ತು. 48 ಟೆಸ್ಟುಗಳಿಲ್ಲದೆ ಅಂಕ ಏನಾಯಿತು ಅಂತ ಎಲ್ಲರೂ ಕೇಳ್ತಾರೆ. ಬೇರೆ ಮಕ್ಕಳು, ಬೇರೆ ವರ್ಷ, ಹೋಲಿಸೋದು ಕಷ್ಟ. ಆದರೂ ಹೇಳ್ತೀನಿ: ಹೆಚ್ಚು ಕಡಿಮೆ ಹಿಂದಿನ ವರ್ಷದ ಹಾಗೇ. ಇಬ್ಬರು ಮಕ್ಕಳು ಎಫ್‌ಎಗಿಂತ ಕೆಳಗಿಳಿದರು. ಅವರಲ್ಲೊಬ್ಬನಿಗೆ ಹಲಗೆ ಸರಿಯಾಗಿ ಕಾಣೋದಿಲ್ಲ ಅನ್ನೋದು ನೋಟ್‌ಬುಕ್ಕಿನಲ್ಲಿ ಮೂರು ಕಡೆ ಬರೆದಿತ್ತು. 'ಹಲಗೆಯಿಂದ ಬರೆಯೋವಾಗ ಪಕ್ಕದವನ ಪುಸ್ತಕ ನೋಡ್ತಾನೆ.' ಬರೆದಿದ್ದೆ, ಆದರೆ ಜೋಡಿಸಿ ನೋಡಿರಲಿಲ್ಲ. ಈಗ ಕನ್ನಡಕ ಬಂದಿದೆ. ಆಟದ ಹೊತ್ತಲ್ಲಿ ಅದನ್ನ ನನ್ನ ಟೇಬಲ್ ಮೇಲೆ ಇಟ್ಟು ಹೋಗ್ತಾನೆ.

ದಸರಾ ಆದ ಮೇಲೆ ಮತ್ತೆ ಸಭೆ ಸೇರಿದೆವು. ಈ ಸಲ ಅಂಕದ ಕಾರ್ಡಿನ ಜತೆ ನೋಟ್‌ಬುಕ್ಕಿನ ಪುಟಗಳನ್ನೂ ಓದಿ ಹೇಳಿದೆ, ಒಬ್ಬೊಬ್ಬರಿಗೇ. ಮೂರು ಗಂಟೆ ಹಿಡಿಯಿತು. ಟೆಸ್ಟ್ ಬೇಕು ಅಂದಿದ್ದವರಲ್ಲಿ ಒಬ್ಬರು ಈಗಲೂ ಬೇಕು ಅಂತಲೇ ಅಂದರು. ತಿಂಗಳಿಗೆ ಒಂದು ಸಾಕು ಅಂತ ಚೌಕಾಸಿ ಮಾಡಿ ಒಪ್ಪಿಸಿದೆವು. ಹಾಗಾಗಿ 48 ಪೂರ್ತಿ ಹೋಗಲಿಲ್ಲ. ಒಂದೈದು ವಾಪಸ್ ಬಂದವು.

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆ ಮಾದರಿ ಪತ್ರಿಕೆಗಳ ಕಟ್ಟು ಸಿಕ್ಕಿತು. ರದ್ದಿಗೆ ಹಾಕೋ ಮೊದಲು ಟ್ಯಾಂಕರಿನ ಪತ್ರಿಕೆ ಹುಡುಕಿ ತೆಗೆದೆ. ಆ ಹುಡುಗ ಈಗ ಆರನೇ ಕ್ಲಾಸು. ಕರೆದು, ಅವನೆದುರೇ ಹಳೆ ಅಂಕಕ್ಕೆ ಅಡ್ಡಗೆರೆ ಹೊಡೆದು, ಎರಡಕ್ಕೆ ಎರಡು ಮಾಡಿದೆ. ಪತ್ರಿಕೆ ಅವನ ಕೈಗೆ ಕೊಟ್ಟೆ. ಅವನು ತನ್ನ ಉತ್ತರವನ್ನ ಓದಿಕೊಂಡ. ಹುಬ್ಬು ಗಂಟಿಕ್ಕಿದ.

"ಸರ, ಇದು ಈಗ ತಪ್ಪೈತ್ರಿ" ಅಂದ. "ಟ್ಯಾಂಕರ್ ಬರಂಗಿಲ್ಲ. ಕೆರಿ ತುಂಬೈತಿ."